ಹುಲ್ಲು ಒಣಗಿದ ಮೇಲೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಅಂದುಕೊಂಡಿರಬಹುದು. ನಾನು ಅವರೆಕಾಯಿ ಬಗ್ಗೆ ಮಾತಾಡುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಒಂದೂವರೆ ಎಕರೆ ಹೊಲ ಮಾರಿ ಬೆಂಗಳೂರಿನಲ್ಲಿ ಮನೆ ಕಟ್ಟಿದೆ. ಊರಿಗೆಲ್ಲ ಗೊತ್ತಿರುವ ವಿಷಯ, ಮುಚ್ಚಿಡುವುದೇನಿಲ್ಲ. ಮನೆ ಮುಂದೆ 20 ಅಡಿ ಉದ್ದ, 10 ಅಡಿ ಅಗಲಕ್ಕೆ ಲಾನ್ ಹಾಕಿಸಿದೆ. ಅವ್ವ ನೋಡಿ, "ದನಾನೇ ಇಲ್ವಲ್ಲೋ, ಹುಲ್ಲು ಯಾರಿಗೆ?" ಅಂದಳು.

2024ರ ಬೇಸಿಗೆಯಲ್ಲಿ ಬಡಾವಣೆಯ ಬೋರ್‌ವೆಲ್ ಬತ್ತಿತು. ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತು. ತಪ್ಪೇನಿಲ್ಲ. ಒಂದು ಕಾಲಕ್ಕೆ ನಮ್ಮ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಕುಡಿದ ನಗರ ಅದು. ಈಗ ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತರುತ್ತದೆ. ಅದನ್ನು ಹುಲ್ಲಿಗೆ ಬಿಡುವುದು ಯಾವ ನ್ಯಾಯ? ಏಪ್ರಿಲ್ ಹೊತ್ತಿಗೆ ಲಾನ್ ಗೋಣಿಚೀಲದ ಬಣ್ಣಕ್ಕೆ ತಿರುಗಿತು.

ಹೊಸ ಹುಲ್ಲು ಹಾಕಿಸಲು ಹೊರಟಿದ್ದೆ, ಅವ್ವ ಬಿಡಲಿಲ್ಲ. ಸತ್ತ ಹುಲ್ಲಿನ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿ ನೆನೆಸಿದೆವು. ಆ ಉಪಾಯ ನನ್ನದು, ಅಷ್ಟೇ ನನ್ನದು. ಅದರ ಮೇಲೆ ಊರಿಂದ ತಂದ ಕೊಟ್ಟಿಗೆ ಗೊಬ್ಬರ, ಕೆಮ್ಮಣ್ಣು, ಒಣಗಿದ ಎಲೆ. ಮೇ ತಿಂಗಳ ಮಳೆ ಬರುವವರೆಗೆ ಅಕ್ಕಿ, ತರಕಾರಿ ತೊಳೆದ ನೀರನ್ನೇ ಹೊಯ್ದೆವು. ದಂಟು, ಮೆಂತ್ಯ ಬೇಗ ಬಂದವು. ಗರಿಕೆಯೂ ಅಲ್ಲಲ್ಲಿ ರಟ್ಟು ತೂರಿಕೊಂಡು ಬಂತು, ಅದು ಯಾರ ಮಾತೂ ಕೇಳುವುದಿಲ್ಲ.

ಮೊದಲ ಮಳೆಗೇ ನಾನು ಆತುರಪಟ್ಟು ನಾಟಿ ಅವರೆ ಬೀಜ ಊರಿದೆ. ಬಳ್ಳಿ ಕಾಂಪೌಂಡ್ ಏರಿತು, ಎಲೆಯೋ ಎಲೆ. ಆಗಸ್ಟ್ ಬಂದರೂ ಒಂದು ಹೂವಿಲ್ಲ. ಗೊಬ್ಬರ ಸಾಲದೇನೋ ಅಂತ ಇನ್ನಷ್ಟು ಹಾಕಿದೆ. ಅವ್ವ ನಕ್ಕಳು. "ಅವರೆಗೆ ಚಳಿ ಬರಬೇಕು ಕಣಪ್ಪ. ನಿನ್ನ ಆತುರಕ್ಕೆ ಹೂ ಬಿಡ್ತದಾ?"

ಓದಿ ನೋಡಿದೆ. ನಾಟಿ ಅವರೆ, ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಬೆಳೆ. ಚಳಿಯೂ ಚಿಕ್ಕ ಹಗಲೂ ಒಟ್ಟಿಗೆ ಬರುವುದರಿಂದ ಅವ್ವನ ಲೆಕ್ಕ ತಪ್ಪಲಿಲ್ಲ. ಎಲ್ಲ ಕಾಲದಲ್ಲೂ ಬೆಳೆಯಲಿ ಅಂತಲೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ತಳಿಗಳನ್ನು ತಂದಿದ್ದಾರೆ. ಆದರೆ ಸೊಗಡಿನ ವಿಷಯಕ್ಕೆ ಬಂದರೆ ನಾನು ಮಾಗಡಿಯವನೇ. ರಾಗಿ ಹೊಲದ ಅಕ್ಕಡಿ ಸಾಲಿಗೆ ಅವರೆ ಹಾಕುತ್ತಿದ್ದ ಅಪ್ಪನಿಗೆ ಇದೆಲ್ಲ ಪುಸ್ತಕವಿಲ್ಲದೆ ಗೊತ್ತಿತ್ತು. ನಾನು ಒಂದು ದಿನವೂ ಕೇಳಲಿಲ್ಲ. ಆಗ ಮಾರ್ಕ್ಸ್ ಮುಖ್ಯವಾಗಿತ್ತು.

ಡಿಸೆಂಬರ್‌ನಲ್ಲಿ ಹೂ ಬಂತು. ಸಂಕ್ರಾಂತಿ ಆದಮೇಲೆ ಅವ್ವ ಮೊದಲ ಕಾಯಿ ಕಿತ್ತು, ಮೂಸಿ, "ನಮ್ಮ ಹೊಲದ್ದೇ ವಾಸನೆ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹೊಲ ಮಾರಿದ್ದು ಸರಿಯೋ ತಪ್ಪೋ ಅಂತ ನಾವಿಬ್ಬರೂ ಇವತ್ತಿನವರೆಗೆ ಮಾತಾಡಿಲ್ಲ. ಅವತ್ತು ರಾತ್ರಿ ಹಿತಕಿದ ಬೇಳೆ ಸಾರು, ಮುದ್ದೆ.

ಆ ಬಳ್ಳಿಯ ಬೀಜ ಅರ್ಧ ಸೇರು ತಂದಿದ್ದೇನೆ, ಹೆಡ್‌ಮಾಸ್ಟರ್ ಕೊಠಡಿಯಲ್ಲಿದೆ. ಮಕ್ಕಳೇ, ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಹಾಕುವುದಾದರೆ ಆಗಸ್ಟ್‌ವರೆಗೆ ಕಾಯಿರಿ.