ಚಿಪ್ಪಿನಲ್ಲಿ ಬೆಂದ ಮುದ್ದೆ

"ಟೀಚರ್, ಬರೀ ಆಟ ಆಡಿಸ್ತೀರಿ. ಅ ಆ ಇ ಈ ಬರೆಸೋದು ಯಾವಾಗ?" ಅಂಗನವಾಡಿಯ ಬಾಗಿಲಲ್ಲಿ ನಿಂತು ತಾಯಂದಿರು ಹೀಗೆ ಕೇಳುವುದುಂಟು. ಪಕ್ಕದ ಬೀದಿಯ ಕಾನ್ವೆಂಟಿನಲ್ಲಿ ಅದೇ ವಯಸ್ಸಿನ ಮಗು ಎಬಿಸಿಡಿ ತಿದ್ದುತ್ತಿರುವಾಗ ಈ ಆತಂಕ ಸಹಜವೇ. ತನಗೆ ಸಿಗದ ಓದು ಮಗಳಿಗೆ ಸಿಗಲಿ ಎಂಬ ಆಸೆ ಅದರ ಬೆನ್ನಿಗಿದೆ. ಆದರೆ ಅದೇ ಹೊತ್ತಿಗೆ ಒಳಗಿನ ಮೂಲೆಯಲ್ಲಿ ಏನು ನಡೆಯುತ್ತಿದೆ ಎಂದು ಸ್ವಲ್ಪ ನೋಡೋಣ.

ನಾಲ್ಕು ವರ್ಷದ ಹುಡುಗಿಯೊಬ್ಬಳು ತೆಂಗಿನ ಚಿಪ್ಪಿಗೆ ಒದ್ದೆ ಮರಳು ತುಂಬಿ, ಮೂರು ಕಲ್ಲಿನ ಒಲೆಯ ಮೇಲಿಟ್ಟು, ಹೊಂಗೆ ಎಲೆಗೆ ಮುದ್ದೆ ಬಡಿಸುತ್ತಾಳೆ. "ಸುಡ್ತದೆ, ಊದ್ಕೊಂಡು ತಿನ್ನು" ಅನ್ನುತ್ತಾಳೆ. ಎದುರಿಗೆ ಕೂತ ಹುಡುಗ ಊದುತ್ತಾನೆ, ತಿಂದಂತೆ ಮಾಡುತ್ತಾನೆ, ಬಾಯಿಗೆ ಮಾತ್ರ ಹಾಕಿಕೊಳ್ಳುವುದಿಲ್ಲ. ಅದು ಮರಳೆಂದು ಅವನಿಗೆ ಗೊತ್ತು, ಮುದ್ದೆಯೆಂದೂ ಗೊತ್ತು.

ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್ಸ್ಕಿ 1933ರ ಉಪನ್ಯಾಸವೊಂದರಲ್ಲಿ ಇದನ್ನೇ ವಿವರಿಸಿದರು. ಕೋಲನ್ನು ಕುದುರೆ ಮಾಡಿಕೊಂಡು ಓಡುವ ಮಗು ಕುದುರೆಯ ಅರ್ಥವನ್ನು ಕುದುರೆಯಿಂದ ಬಿಡಿಸಿ ಕೋಲಿಗೆ ತೊಡಿಸುತ್ತದೆ. ಸ್ಲೇಟಿನ ಮೇಲಿನ ಡೊಂಕು ಗೆರೆಯನ್ನು ಒಂದು ದನಿಯೆಂದು ಒಪ್ಪಿಕೊಳ್ಳುವುದಕ್ಕೂ ಇದೇ ಶಕ್ತಿ ಬೇಕು. ಮರಳಲ್ಲಿ ಮುದ್ದೆ ಕಾಣಬಲ್ಲ ಮಗು ಆಗಲೇ ಓದಿನ ಹಾದಿ ಹಿಡಿದಿದೆ ಎಂದು ನಾನು ನಂಬುತ್ತೇನೆ. ಕುರ್ಚಿಗಳ ಸಾಲು ಬಸ್ಸಾದಾಗ ನೋಡಿ. ಒಂದು ನಿಮಿಷ ಕೂರದ ತುಂಟನೂ ಕಂಡಕ್ಟರ್ "ಹೋಲ್ಡಾನ್" ಅನ್ನುವವರೆಗೆ ಸೀಟು ಬಿಡುವುದಿಲ್ಲ. ಗದರಿಕೆಯಿಂದ ಬಾರದ ತಾಳ್ಮೆ ಆಟದ ನಿಯಮದಿಂದ ಬರುತ್ತದೆ.

1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಶಿಶುಗೃಹ ತೆರೆದ ಮಾರಿಯಾ ಮಾಂಟೆಸ್ಸೊರಿ ಅವರಿಗೆ ಇಂಥ ಸೋಗಿನ ಆಟದಲ್ಲಿ ಅಷ್ಟು ಒಲವಿರಲಿಲ್ಲ. ನೀರು ಸುರಿಯುವುದು, ಗುಡಿಸುವುದು, ಉಪ್ಪುಕಾಗದದ ಅಕ್ಷರದ ಮೇಲೆ ಬೆರಳಾಡಿಸುವುದು ಅವರ ದಾರಿ. 1939ರಲ್ಲಿ ಮದ್ರಾಸಿಗೆ ಬಂದು ನಮ್ಮ ಶಿಕ್ಷಕರಿಗೂ ಅದನ್ನು ಕಲಿಸಿದರು. ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದ ನಮ್ಮ ಕೂಲಿಮಠಗಳಿಗೆ, ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಯಲ್ಲಿ ಮಗುವಿನ ಕೈ ಹಿಡಿದು ಬರೆಸುವ ಮನೆಗಳಿಗೆ ಇದು ತೀರಾ ಹೊಸತೇನಲ್ಲ. ನಮ್ಮ ಮಕ್ಕಳಿಗೆ ಮುಟ್ಟಿ ತಿಳಿಯುವ ಆಟವೂ ಬೇಕು, ಸೋಗಿನ ಆಟವೂ ಬೇಕು. ರಾಗಿಯೊಳಗೆ ಕೈ ಮುಳುಗಿಸಿ ಬಚ್ಚಿಟ್ಟ ಬಳೆ ಹುಡುಕುವ ಮಗುವಿನ ಮುಖ ನೋಡಿದವರು ಇದನ್ನು ಅಲ್ಲಗಳೆಯಲಾರರು. ಹುಣಸೆ ಬೀಜದಾಟಕ್ಕೆ ಮಾತ್ರ ದೊಡ್ಡವರ ಕಣ್ಣಿರಲೇಬೇಕು. ಮೂಗಿಗೆ ತುರುಕಿಕೊಳ್ಳುವುದು ಕ್ಷಣದ ಕೆಲಸ.

1975ರಲ್ಲಿ ಟಿ. ನರಸೀಪುರದಿಂದ ಕರ್ನಾಟಕದ ಅಂಗನವಾಡಿ ಯೋಜನೆ ಶುರುವಾದಾಗ, ಅದರ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದಾಗಿತ್ತು. ಇಂದು ಕಾರ್ಯಕರ್ತೆ ಮಕ್ಕಳ ತೂಕ ನೋಡಬೇಕು, ಆಹಾರ ಹಂಚಬೇಕು, ರಿಜಿಸ್ಟರ್ ಬರೆಯಬೇಕು, ಫೋನಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬಬೇಕು. ಇಷ್ಟರ ನಡುವೆ ಮೊದಲು ಕತ್ತರಿ ಬೀಳುವುದು ಆಟದ ಹೊತ್ತಿಗೆ. ನನಗೆ ಇದು ನಿಜಕ್ಕೂ ಸಂಕಟದ ಸಂಗತಿ.

ಆದರೂ ಆಟದೊಳಗೆ ನೆಂಟಳಾಗಿ ಹೋಗಿ ಕೂರುವ ಟೀಚರ್ ಇದ್ದಾರೆ. "ಇದು ಯಾವ ಬಣ್ಣ?" ಎಂದು ಪರೀಕ್ಷೆ ಮಾಡದೆ, "ಸಾರಿಗೆ ಉಪ್ಪು ಹಾಕಿದ್ಯೇನಮ್ಮ?" ಅನ್ನುತ್ತಾರೆ. ಆಗ ಹುಡುಗಿ ಒಂದು ಇಡೀ ಅಡುಗೆಮನೆಯ ಕಥೆ ಹೇಳುತ್ತಾಳೆ. ಅಂಥ ಟೀಚರಿಗೆ ನಮ್ಮಿಂದ ಬೇಕಾದದ್ದು ಸ್ವಲ್ಪವೇ. ಅಂಚು ಉಜ್ಜಿ ನಯಮಾಡಿದ ಒಂದೆರಡು ಚಿಪ್ಪು, ಒಂದು ಹಳೆಯ ಟವಲ್, ಖಾಲಿ ಡಬ್ಬಿ, ಸೆಲ್ ತೆಗೆದ ಕೆಟ್ಟುಹೋದ ಟಾರ್ಚು, ಇಷ್ಟನ್ನು ಇಂದು ಮಗುವಿನ ಜೊತೆ ಕಳಿಸಿಕೊಡಿ.