ಒಂದು ಹೊತ್ತು ಹಸಿ: ನನ್ನ ಮಗಳು ‘ಹಕ್ಕಿ ಊಟ’ ತಿನ್ನೋಕೆ ಶುರು ಮಾಡಿದ ಕಥೆ



ನಾನು ಡಾಕ್ಟರ್ ಅಲ್ಲ, ಡಯಟೀಷಿಯನ್ನೂ ಅಲ್ಲ. ಹೈದರಾಬಾದಲ್ಲಿ ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದೀನಿ. ಊರು ತೀರ್ಥಹಳ್ಳಿ ಹತ್ರ. ಹಾಗಾಗಿ ಇವತ್ತು ಹೇಳೋದನ್ನ ಒಬ್ಬ ಟೆಸ್ಟರ್ ಹೇಳ್ತಿದಾನೆ ಅಂತ ತಿಳ್ಕೊಳ್ಳಿ. ಏನು ಮಾಡಿದೆ, ಎಲ್ಲಿ ಫೇಲ್ ಆಯ್ತು, ಆಮೇಲೆ ಏನು ಸರಿ ಹೋಯ್ತು, ಅಷ್ಟೇ. ವಿಷಯ ಮಕ್ಕಳ ಬೆಳಗಿನ ತಿಂಡಿ. ಒಲೆ ಹಚ್ಚದೆ, ಹಾಲು ಮೊಸರು ಜೇನುತುಪ್ಪ ಯಾವುದೂ ಹಾಕದೆ ಮಾಡೋ ಹಸಿ ಸೀರಿಯಲ್. ಅದನ್ನ ಮಕ್ಕಳು ಇಷ್ಟಪಟ್ಟು ತಿನ್ನೋ ಹಾಗೆ ಮಾಡೋದು.

ಇದು ನಮಗೆ ಫ್ಯಾಷನ್‌ನಿಂದ ಬಂದಿದ್ದಲ್ಲ. ನನ್ನ ಮಗಳಿಗೆ ಒಂದು ವರ್ಷ ಆಗೋ ಹೊತ್ತಿಗೇ ಹಸುವಿನ ಹಾಲಿನ ಪ್ರೊಟೀನ್ ಅಲರ್ಜಿ ಅಂತ ಗೊತ್ತಾಯ್ತು. ಒಂದು ಚಮಚ ಮೊಸರು ಹೋದ್ರೂ ಮೈಯೆಲ್ಲಾ ದದ್ದು, ವಾಂತಿ. ಮನೆಯಿಂದ ಹಾಲು ಹೋಯ್ತು. ಅವಳು ಸ್ಕೂಲಿಗೆ ಸೇರಿದ ಮೇಲೆ ಇನ್ನೊಂದು ಸಮಸ್ಯೆ. ಬಸ್ಸು ಬರೋದು ಆರೂ ಐವತ್ತಕ್ಕೆ. ನನಗೆ ರಾತ್ರಿ ಹನ್ನೊಂದೂವರೆವರೆಗೂ ಅಮೆರಿಕದವರ ಜೊತೆ ಕಾಲ್. ನನ್ನ ಹೆಂಡತಿಗೆ ತಿಂಗಳಲ್ಲಿ ಎರಡು ವಾರ ಬೆಳಗಿನ ಶಿಫ್ಟ್. ಬೆಳಿಗ್ಗೆ ಆರು ಗಂಟೆಗೆ ನಿದ್ದೆಗಣ್ಣಲ್ಲಿ ದೋಸೆ ಹುಯ್ಯೋದು ವಾರಕ್ಕೆ ಎರಡು ದಿನ ಆಗುತ್ತೆ, ಐದು ದಿನ ಆಗಲ್ಲ. ಡಬ್ಬದ ಸೀರಿಯಲ್ ತಂದ್ರೆ ಕೆಲವಕ್ಕೆ ಹಾಲಿನ ಪುಡಿ ಹಾಕಿರ್ತಾರೆ, ಇನ್ನು ಕೆಲವಕ್ಕೆ ಸಕ್ಕರೆ ಸುರಿದಿರ್ತಾರೆ.

ಆಗ ನಮ್ಮ ಅಪಾರ್ಟ್‌ಮೆಂಟಿನ ಸ್ನೇಹಿತರೊಬ್ಬರು ಈ ಹಸಿ ಆಹಾರದ ದಾರಿ ತೋರಿಸಿದ್ರು. ಇದರ ಲೆಕ್ಕ ಸುಲಭ. ಪ್ರಾಣಿಯಿಂದ ಬಂದಿದ್ದು ಏನೂ ಇರಬಾರದು. ಪದಾರ್ಥ ಸುಮಾರು 46-48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಆಗಿರಬಾರದು. ರಾತ್ರಿ ನೆನೆಹಾಕು, ಬೆಳಿಗ್ಗೆ ಬಟ್ಟಲಿಗೆ ಹಾಕು. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ ಹಾಗಿತ್ತು.

ಇದು ಹೊಸ ವಿಷಯವೂ ಅಲ್ಲ. ಒಲೆ ಹಚ್ಚದೆ ತಿನ್ನೋ ಮೊದಲ ಬ್ರೇಕ್‌ಫಾಸ್ಟ್ ಸೀರಿಯಲ್ ಬಂದಿದ್ದು 1863ರಲ್ಲಿ, ಅಮೆರಿಕದ ಜೇಮ್ಸ್ ಕೇಲಬ್ ಜ್ಯಾಕ್ಸನ್ ಅನ್ನೋರಿಂದ. ಬೇಯಿಸಿ ಒಡೆದ ತುಂಡುಗಳು ಅವು, ಹೆಸರು ಗ್ರಾನ್ಯುಲ. ಎಷ್ಟು ಗಟ್ಟಿ ಅಂದ್ರೆ ಹಿಂದಿನ ರಾತ್ರಿಯೇ ನೆನೆಸಿಡಬೇಕಿತ್ತು. 1900ರ ಆಸುಪಾಸಲ್ಲಿ ಜ್ಯೂರಿಕ್‌ನ ಡಾಕ್ಟರ್ ಬಿರ್ಷರ್-ಬೆನ್ನರ್ ತನ್ನ ರೋಗಿಗಳಿಗೆ ಕೊಡ್ತಿದ್ದಿದ್ದೇ ಇವತ್ತಿನ ಮ್ಯೂಸ್ಲಿಯ ಅಜ್ಜ. ಅದರಲ್ಲಿ ಓಟ್ಸ್ ಒಂದು ಚಮಚ ಅಷ್ಟೇ. ಮುಖ್ಯ ಆಗಿದ್ದಿದ್ದು ತುರಿದ ಹಸಿ ಸೇಬು. ಹಣ್ಣು ಜಾಸ್ತಿ, ಕಾಳು ಕಮ್ಮಿ. ಈ ಮಾತು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ, ಅದಕ್ಕೇ ಮೊದಲ ಬಟ್ಟಲು ಸೋತಿದ್ದು.

ಆ ಬಟ್ಟಲಲ್ಲಿ ಏನಿತ್ತು? ಮೊಳಕೆ ಬರಿಸಿದ ಹೆಸರುಕಾಳು, ನೆನೆಸಿದ ಓಟ್ಸ್, ಅಗಸೆ ಬೀಜ, ಸೂರ್ಯಕಾಂತಿ ಬೀಜ, ಮೇಲೆ ನಾಲ್ಕು ಒಣದ್ರಾಕ್ಷಿ. ಮಗಳಿಗೆ ಆಗ ಐದು ವರ್ಷ. ಬಟ್ಟಲು ನೋಡಿದ್ಲು, ಬಾಲ್ಕನಿಯಲ್ಲಿ ಪಾರಿವಾಳ ನೋಡಿದ್ಲು. “ಅಪ್ಪ, ಇದು ಹಕ್ಕಿ ಊಟ” ಅಂದ್ಲು. ಒಂದು ಚಮಚ ತಿಂದು ಎದ್ದು ಹೋದ್ಲು.

ನಾನು ಬಿಡ್ಲಿಲ್ಲ. ಬಿಡಬೇಕಿತ್ತು. ಓದ್ತಾ ಓದ್ತಾ ನನಗೆ ಹಸಿ ಆಹಾರದ ಹುಚ್ಚು ಹತ್ತಿತು. ಓಟ್ಸನ್ನ ಹಬೆಯಲ್ಲಿ ಬೇಯಿಸಿಯೇ ತಟ್ಟೋದು ಅಂತ ಗೊತ್ತಾಗಿ ಓಟ್ಸ್ ಬಿಟ್ಟೆ. ಗೋಡಂಬಿಯ ಚಿಪ್ಪು ಒಡೆಯೋಕೆ ಮುಂಚೆ ಬಿಸಿ ತೋರಿಸ್ತಾರೆ ಅಂತ ಗೊತ್ತಾಗಿ ಗೋಡಂಬಿ ಬಿಟ್ಟೆ. ಅವಲಕ್ಕಿ? ಭತ್ತ ನೆನೆಸಿ, ಹುರಿದು, ಕುಟ್ಟೋದು, ಅದೂ ಹಸಿ ಅಲ್ಲ. ಬೆಲ್ಲ ಕಬ್ಬಿನ ಹಾಲು ಕುದಿಸಿ ಮಾಡೋದು, ಅದೂ ಹೋಯ್ತು. ಬೆಳಗಿನ ತಿಂಡಿ ಸಾಲದು ಅಂತ ಸಂಜೆಯದ್ದೂ ಹಸಿ ಮಾಡಿದೆ. ರಾತ್ರಿ ಊಟಕ್ಕೂ ಅನ್ನ ಕಮ್ಮಿ ಮಾಡಿ ಸೌತೆಕಾಯಿ, ಕೋಸಂಬರಿ, ಹಣ್ಣು. ಹೆಂಡತಿ ಎರಡು ಸಲ ಹೇಳಿದ್ಲು, “ಮಗು ಸೊರಗ್ತಾ ಇದೆ ಕಣ್ರೀ.” ಶೀತ ಆಗಿತ್ತಲ್ಲ, ಅದಕ್ಕೆ ಅಂದೆ.

ನಾಲ್ಕು ತಿಂಗಳ ನಂತರ ಮಾಮೂಲಿ ಚೆಕಪ್‌ಗೆ ಹೋದ್ವಿ. ಡಾಕ್ಟರ್ ತೂಕ ನೋಡಿದ್ರು, ಹಳೇ ಚೀಟಿ ನೋಡಿದ್ರು, ಮತ್ತೆ ತೂಕದ ಮೆಷೀನ್ ಮೇಲೆ ನಿಲ್ಲಿಸಿದ್ರು. ನಾಲ್ಕು ತಿಂಗಳಲ್ಲಿ ಒಂದು ಗ್ರಾಮೂ ಏರಿರಲಿಲ್ಲ. ಏನು ಕೊಡ್ತಿದೀರಿ ಅಂತ ಕೇಳಿದ್ರು. ನಾನು ಉತ್ಸಾಹದಿಂದಲೇ ಹೇಳೋಕೆ ಶುರು ಮಾಡಿದೆ. ಅರ್ಧಕ್ಕೆ ಬರೋ ಹೊತ್ತಿಗೆ ನನಗೇ ನಾಚಿಕೆ ಆಯ್ತು. ಅವರು ಬೈಯಲಿಲ್ಲ. ಮಕ್ಕಳ ಹೊಟ್ಟೆ ಸಣ್ಣದು, ಹಸಿ ತರಕಾರಿ ಹಣ್ಣಿನ ನಾರು ನೀರಿಗೇ ಹೊಟ್ಟೆ ತುಂಬಿಬಿಡುತ್ತೆ, ಬೆಳೆಯೋಕೆ ಬೇಕಾದಷ್ಟು ಶಕ್ತಿ ಸಿಗಲ್ಲ ಅಂದ್ರು. ಅನ್ನ, ಬೇಳೆ, ಇಡ್ಲಿ ಬೆಂದಾಗಲೇ ಅವಕ್ಕೆ ಚೆನ್ನಾಗಿ ಜೀರ್ಣ ಆಗೋದು. ಹಾಲು ಮೊಟ್ಟೆ ಯಾವುದೂ ತಿನ್ನದ ಮಗುವಿಗೆ ಬಿ12 ಔಷಧಿ ಕೊಡಲೇಬೇಕು, ಗಿಡಮೂಲದ ಊಟದಿಂದ ಅದು ಸಾಲಲ್ಲ. ಆಮೇಲೆ ಹಸಿ ಮೊಳಕೆಕಾಳು ಸಣ್ಣ ಮಕ್ಕಳಿಗೆ ಬೇಡ. ಮೊಳಕೆ ಬರೋ ಬೆಚ್ಚಗಿನ ತೇವದಲ್ಲೇ ಬ್ಯಾಕ್ಟೀರಿಯಾನೂ ಬೆಳೆಯುತ್ತೆ, ಬೇಯಿಸಿ ಕೊಡಿ ಅಂದ್ರು.

ಆವತ್ತು ಮನೆಗೆ ಬಂದು ಹೆಂಡತಿ ಹತ್ರ ಒಂದೇ ಮಾತು ಹೇಳಿದೆ, “ತಪ್ಪಾಯ್ತು.” ಅವಳು ಏನೂ ಅನ್ನದೆ ಕುಕ್ಕರ್ ಇಟ್ಲು.

ಅವತ್ತಿಂದ ನಮ್ಮ ಮನೇಲಿ ನಿಯಮ ಇದು: ಒಂದು ಹೊತ್ತು ಹಸಿ, ಉಳಿದ ಹೊತ್ತು ಬಿಸಿ. ಆ ಒಂದು ಹೊತ್ತೂ ಅವಳು ಖುಷಿಯಿಂದ ತಿಂದ್ರೆ ಮಾತ್ರ.

ಆದ್ರೆ ಬೆಳಿಗ್ಗೆ ಆರೂ ಐವತ್ತರ ಬಸ್ಸು ಹಾಗೇ ಇತ್ತಲ್ಲ. ಒಂದು ಭಾನುವಾರ ಅಮ್ಮನ ಹತ್ರ ಫೋನಲ್ಲಿ ಇದನ್ನೆಲ್ಲ ಹೇಳ್ಕೊಂಡೆ. ಅಮ್ಮ ನಕ್ಕಳು. “ಅಲ್ವೋ ಮಾರಾಯ, ಸಣ್ಣವನಿದ್ದಾಗ ನೀನು ಎರಡೆರಡು ಬಟ್ಟಲು ರಸಾಯನ ತಿಂತಿದ್ಯಲ್ಲ, ಅದಕ್ಕೆ ಯಾವಾಗ ಒಲೆ ಹಚ್ಚಿದ್ದೆ ನಾನು? ಬೇಸಿಗೇಲಿ ರಾಗಿ ನೆನೆಸಿ, ಬೀಸಿ, ಸೋಸಿ ಕೊಡ್ತಿದ್ದೆನಲ್ಲ, ಅದೂ ನೆನಪಿಲ್ವಾ?”

ಬಾಳೆಹಣ್ಣು, ತೆಂಗಿನಹಾಲು, ಏಲಕ್ಕಿ, ಎಳ್ಳು. ನಾನು ಇಂಗ್ಲಿಷ್ ಪುಸ್ತಕದಲ್ಲಿ ಹುಡುಕ್ತಾ ಇದ್ದಿದ್ದು ನಮ್ಮ ಅಡಿಗೆಮನೇಲೇ ಇತ್ತು. ಅದರಲ್ಲಿ ಇಲ್ಲದೆ ಇದ್ದಿದ್ದು ಒಂದೇ, ಮಕ್ಕಳಿಗೆ ಬೇಕಾದ ಕರುಕುರು. ಅದಕ್ಕೆ ಎರಡೂ ಸೇರಿಸಿದೆ. ಈಗ ಮಾಡೋ ರೀತಿ ಹೇಳ್ತೀನಿ.

ಮೊದಲು ಕರುಕುರು. ಇದಕ್ಕೆ ಬೇಕಾದ್ದು ಬಕ್‌ವೀಟ್. ಉತ್ತರದವರು ನವರಾತ್ರಿ ಉಪವಾಸಕ್ಕೆ ಹಿಟ್ಟು ತರ್ತಾರಲ್ಲ, ಕುಟ್ಟು, ಅದೇ. ಹೆಸರಲ್ಲಿ ವೀಟ್ ಇದ್ರೂ ಗೋಧಿಗೂ ಇದಕ್ಕೂ ಸಂಬಂಧ ಇಲ್ಲ. ಹಿಟ್ಟು ಬೇಡ, ಸಿಪ್ಪೆ ತೆಗೆದ ಇಡೀ ಕಾಳು ತನ್ನಿ. ತಿಳಿ ಹಸಿರು ಬಣ್ಣ ಇದ್ರೆ ಹಸಿ, ಕಂದು ಬಣ್ಣ ಇದ್ರೆ ಹುರಿದಿದ್ದು. ಎರಡು ಲೋಟ ಕಾಳನ್ನ ಒಂದೇ ಗಂಟೆ ನೆನೆಸಿ. ರಾತ್ರಿಯಿಡೀ ಬಿಟ್ರೆ ಲೋಳೆ ಲೋಳೆ ಆಗುತ್ತೆ, ನಾನು ಒಂದು ಪಾತ್ರೆ ಪೂರ್ತಿ ಚೆಲ್ಲಿದೀನಿ. ನೀರು ತಿಳಿಯಾಗೋವರೆಗೆ ನಾಲ್ಕೈದು ಸಲ ತೊಳೀರಿ. ಮೊಳಕೆ ಬರಿಸೋದು ಬೇಡ. ಬಟ್ಟೆ ಮೇಲೆ ತೆಳ್ಳಗೆ ಹರಡಿ, ಸಂಡಿಗೆ ಒಣಗಿಸೋ ಹಾಗೆ ತಾರಸಿಯಲ್ಲಿ ಒಣಗಿಸಿ. ಹೈದರಾಬಾದಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ, ಡಿಹೈಡ್ರೇಟರ್ ಮೆಷೀನು ಪುಕ್ಕಟೆ ಸಿಕ್ಕ ಹಾಗೆ. ಸ್ಟೀಲ್ ತಟ್ಟೆ ಮಾತ್ರ ಬೇಡ, ಅದು ಅತಿಯಾಗಿ ಕಾಯುತ್ತೆ. ಮೇಲೊಂದು ತೆಳು ಬಟ್ಟೆ ಮುಚ್ಚಿ.

ಎರಡನೇ ದಿನ, ಹತ್ತು ಹನ್ನೆರಡು ಮೆತ್ತಗಿನ ಖರ್ಜೂರ ಸ್ವಲ್ಪ ನೀರಲ್ಲಿ ನೆನೆಸಿ ರುಬ್ಬಿ. ಎರಡು ಚಮಚ ಬಿಳಿ ಎಳ್ಳು, ಏಲಕ್ಕಿ ಪುಡಿ, ಚಿಟಿಕೆ ಉಪ್ಪು ಸೇರಿಸಿ ಒಣಗಿದ ಕಾಳಿಗೆ ಕಲಸಿ. ಮತ್ತೆ ತೆಳ್ಳಗೆ ಹರಡಿ ಒಣಗಿಸಿ. ಸಂಜೆ ಒಳಗೆ ತನ್ನಿ, ಇಬ್ಬನಿ ಬೀಳಬಾರದು. ಪೂರ್ತಿ ಒಣಗಿದ ಮೇಲೆ ಮುರಿದು, ಗಾಳಿಯಾಡದ ಡಬ್ಬಕ್ಕೆ ಹಾಕಿ. ನಮ್ಮಲ್ಲಿ ಎರಡು ವಾರದೊಳಗೆ ಖಾಲಿ ಆಗುತ್ತೆ. ಮಳೆಗಾಲದಲ್ಲಿ ಬಿಸಿಲು ನಂಬಬೇಡಿ. ಅರೆ ಒಣಗಿದ್ದು ಒಂದು ರಾತ್ರಿಯಲ್ಲೇ ಬೂಷ್ಟು ಹಿಡಿಯುತ್ತೆ. ಜುಲೈ, ಆಗಸ್ಟಲ್ಲಿ ನಾವು ಮಾಡೋದೇ ಇಲ್ಲ, ಅವಲಕ್ಕಿಗೆ ಹೋಗ್ತೀವಿ. ಅವಲಕ್ಕಿ ಹಸಿ ಅಲ್ಲ ಅಂತ ಈಗ ಯಾರೂ ನಮ್ಮ ಮನೇಲಿ ತಲೆ ಕೆಡಿಸ್ಕೊಳ್ಳಲ್ಲ.

ಇನ್ನು ಮೇಲೆ ಸುರಿಯೋ ಹಾಲು. ಕಾಲು ಲೋಟ ರಾಗಿ ಚೆನ್ನಾಗಿ ತೊಳೆದು ರಾತ್ರಿ ಫ್ರಿಜ್ಜಲ್ಲೇ ನೆನೆಹಾಕಿ. ಬೆಳಿಗ್ಗೆ ಮತ್ತೆ ತೊಳೆದು ಅರ್ಧ ಲೋಟ ತೆಂಗಿನತುರಿ, ಒಂದು ಚಮಚ ಎಳ್ಳು, ಎರಡು ಲೋಟ ಕುದಿಸಿ ಆರಿಸಿದ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಎರಡು ಸಲ ಸೋಸಿ. ಎರಡು ಖರ್ಜೂರ ಸೇರಿಸಿದ್ರೆ ಸಿಹಿಗೂ ಆಯ್ತು. ನಾನು ಇದನ್ನ ಹಿಂದಿನ ಸಂಜೆಯೇ ಮಾಡಿ ಫ್ರಿಜ್ಜಲ್ಲಿ ಇಡ್ತೀನಿ, ಮಾರನೇ ದಿನಕ್ಕೆ ಮುಗಿಸ್ತೀವಿ. ತೆಂಗಿನ ಜಿಡ್ಡು ಮೇಲೆ ಗಟ್ಟಿ ಕಟ್ಟಿರುತ್ತೆ, ಹತ್ತು ನಿಮಿಷ ಹೊರಗಿಟ್ಟು ಕಲಕಿದ್ರೆ ಸರಿ ಹೋಗುತ್ತೆ. ಬಣ್ಣ ತಿಳಿ ಕಂದು. ನನ್ನ ಮಗಳು ಇದಕ್ಕೆ ಇಟ್ಟ ಹೆಸರು ಚಾಕ್ಲೇಟ್ ಹಾಲು.

ರಾಗಿ ಯಾಕೆ ಅಂದ್ರೆ ಕ್ಯಾಲ್ಸಿಯಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ, ಅಷ್ಟೇ ಹಸುವಿನ ಹಾಲಲ್ಲಿ ಸುಮಾರು 120. ಆದ್ರೆ ಈ ಲೆಕ್ಕ ನೋಡಿ ಮೋಸ ಹೋಗಬೇಡಿ, ನಾನು ಹೋಗಿದ್ದೆ. ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಇರೋದು ಸಿಪ್ಪೆಯಲ್ಲಿ. ಸೋಸಿದಾಗ ಒಂದಷ್ಟು ಚರಟದ ಜೊತೆ ಹೋಗುತ್ತೆ. ಆ ಚರಟ ನಾವು ರೊಟ್ಟಿ ಹಿಟ್ಟಿಗೆ ಕಲಸ್ತೀವಿ. ಬಟ್ಟಲಿಗೆ ಹಾಕೋ ರಾಗಿಯೂ ನೂರು ಗ್ರಾಂ ಅಲ್ಲ, ಅದಕ್ಕಿಂತ ತೀರಾ ಕಮ್ಮಿ. ಅದಕ್ಕೇ ಡಾಕ್ಟರ್ ಬರೆದುಕೊಟ್ಟ ಕ್ಯಾಲ್ಸಿಯಂ, ಬಿ12 ಎರಡೂ ನಾವು ನಿಲ್ಲಿಸಿಲ್ಲ.

ಬೆಳಗಿನ ಕೆಲಸ ಇಷ್ಟೇ. ಒಂದು ಬಾಳೆಹಣ್ಣು ಹೆಚ್ಚಿ, ಮೂರು ದೊಡ್ಡ ಚಮಚ ಕರುಕುರು, ಮೇಲೆ ರಾಗಿ ಹಾಲು. ಮೂರು ನಿಮಿಷ. ಇಲ್ಲಿ ಚಕ್ಕರಕೇಳಿ ಬಾಳೆಹಣ್ಣು ಸಿಗುತ್ತೆ, ಬೇಸಿಗೇಲಿ ಬಂಗನಪಲ್ಲಿ ಮಾವು, ಮಳೆಗಾಲ ಕಳೆದ ಮೇಲೆ ಸೀತಾಫಲ. ಬಿರ್ಷರ್-ಬೆನ್ನರ್ ಲೆಕ್ಕ ಮರೀಬೇಡಿ. ಬಟ್ಟಲಲ್ಲಿ ಅರ್ಧಕ್ಕಿಂತ ಜಾಸ್ತಿ ಹಣ್ಣೇ ಇರಲಿ.

ಈಗ ಮುಖ್ಯ ಪ್ರಶ್ನೆ. ಮಕ್ಕಳು ತಿಂತಾರಾ? ನಮ್ಮ ಮನೇಲಿ ಮೂರು ವಿಷಯ ಕೆಲಸ ಮಾಡಿತು.

ಒಂದು, ಕರುಕುರು ಬೇರೆ ಡಬ್ಬದಲ್ಲಿ, ಹಾಲು ಬೇರೆ ಲೋಟದಲ್ಲಿ. ನಾನು ಮೊದಲೇ ಕಲಸಿಟ್ರೆ ಮೆತ್ತಗಾಗಿ ಅವಳು ಮುಟ್ಟಲ್ಲ. ಸುರಿಯೋ ಕೆಲಸ ಅವಳದ್ದೇ. ಟೇಬಲ್ ಮೇಲೆ ಚೆಲ್ಲುತ್ತೆ, ಚೆಲ್ಲಲಿ.

ಎರಡು, ಎರಡೇ ಆಯ್ಕೆ. “ಏನು ಹಾಕ್ಲಿ?” ಅಂತ ಕೇಳಿದ್ರೆ ಐಸ್‌ಕ್ರೀಮ್ ಅಂತಾಳೆ. “ಬಾಳೆಹಣ್ಣಾ, ದಾಳಿಂಬೆನಾ?” ಅಂತ ಕೇಳಿದ್ರೆ ಒಂದನ್ನ ಆರಿಸ್ತಾಳೆ.

ಮೂರು, ಒಣಗಿಸೋ ದಿನ ಅವಳನ್ನ ತಾರಸಿಗೆ ಕರ್ಕೊಂಡು ಹೋಗೋದು. ಕಾಗೆ ಕಾಯೋದು ಅವಳ ಡ್ಯೂಟಿ. ತಾನು ಕಾದಿದ್ದನ್ನ ತಾನೇ ತಿನ್ನಬೇಕು ಅನ್ನೋ ಹಟ ಅವಳಿಗೆ ತಾನಾಗೇ ಬಂತು.

ಕೊನೆಗೆ ಕೆಲವು ಎಚ್ಚರಿಕೆ. ಅಲರ್ಜಿ ಇರೋ ಮಗುವಿಗೆ ಬಕ್‌ವೀಟ್, ಎಳ್ಳು, ಬಾದಾಮಿ ಯಾವುದೇ ಹೊಸದಾದ್ರೂ ಡಾಕ್ಟರನ್ನ ಕೇಳಿಯೇ ಶುರು ಮಾಡಿ. ಎಳ್ಳಿಗೂ ಕೆಲವರಿಗೆ ಅಲರ್ಜಿ ಇರುತ್ತೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬಾದಾಮಿ, ಇಡೀ ಶೇಂಗಾ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಪುಡಿ ಮಾಡಿ ಹಾಕಿ. ರಾಜ್ಮಾ ಥರದ ಕಾಳು ಹಸಿಯಾಗಿ ಯಾವತ್ತೂ ಬೇಡ, ಅದರಲ್ಲಿರೋ ಲೆಕ್ಟಿನ್ ಬೇಯಿಸದೆ ಇದ್ರೆ ವಿಷವೇ. ತಿಂಗಳಿಗೊಮ್ಮೆ ಮಗುವಿನ ತೂಕ ಬರೆದಿಡಿ. ನಾವು ಆಫೀಸಲ್ಲಿ ಎಲ್ಲಕ್ಕೂ ಡ್ಯಾಶ್‌ಬೋರ್ಡ್ ಇಡ್ತೀವಿ, ಮನೇಲಿ ಮಗು ಸೊರಗೋದು ಕಾಣಲ್ಲ. ನನಗೆ ಕಾಣಲಿಲ್ಲ. ಪಕ್ಕದಲ್ಲೇ ಇದ್ದ ಹೆಂಡತಿ ಹೇಳಿದ್ರೂ ಕೇಳಿಸಲಿಲ್ಲ.

ಈಗ ಮಗಳಿಗೆ ಏಳು ವರ್ಷ. ತೂಕ ಸರಿ ದಾರಿಗೆ ಬಂದಿದೆ. ವಾರಕ್ಕೆ ಮೂರು ದಿನ ಈ ಬಟ್ಟಲು, ಎರಡು ದಿನ ದೋಸೆ. ಹೋದ ತಿಂಗಳು ಅಮ್ಮ ಇಲ್ಲಿಗೆ ಬಂದಿದ್ಲು. ಮೊಮ್ಮಗಳು ತಾನೇ ಹಾಲು ಸುರಿದು ಅಜ್ಜಿಗೆ ಒಂದು ಬಟ್ಟಲು ಕೊಟ್ಲು. ಅಮ್ಮ ತಿಂದು ನೋಡಿದ್ಲು. “ಬೆಲ್ಲ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು” ಅಂದ್ಲು. ಮರುದಿನ ಬೆಲ್ಲ ಹಾಕಿದ್ವಿ. ನಿಜವಾಗಿಯೂ ಚೆನ್ನಾಗಿತ್ತು.

ನಿಮ್ಮ ಮನೇಲಿ ಮಾಡಿ ನೋಡಿ. ಮಗು ಬೇಡ ಅಂದ್ರೆ ಒತ್ತಾಯ ಮಾಡಬೇಡಿ, ಉಪ್ಪಿಟ್ಟು ಮಾಡಿಕೊಡಿ.