ಬರೆಯುವ ಕೈ, ಹೇಳುವ ದನಿ



ಅಂಗವಿಕಲರ ಜೊತೆ ದುಡಿಯುವ ಸ್ವಯಂಸೇವಕರನ್ನು ಮುನ್ನಡೆಸುವುದು ಹೇಗೆ ಎಂಬ ವಿಷಯವನ್ನು ಈ ದತ್ತಿಯ ಸಭೆಗಾಗಿ ಕೊಟ್ಟಿದ್ದೀರಿ. ಅದರ ಒಂದು ಮೂಲೆಯನ್ನಷ್ಟೇ ನಾನು ಹಿಡಿದುಕೊಳ್ಳುತ್ತೇನೆ: ಪರೀಕ್ಷಾ ಕೊಠಡಿ. ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಉತ್ತರ ಹೇಳುತ್ತಾಳೆ. ಪಕ್ಕದಲ್ಲಿ ಕೂತ ಲಿಪಿಕಾರ, ನಾವೆಲ್ಲ ಸ್ಕ್ರೈಬ್ ಎಂದು ಕರೆಯುವವರು, ಅದನ್ನು ಬರೆಯುತ್ತಾರೆ. ಎಷ್ಟೋ ಹುಡುಗ ಹುಡುಗಿಯರು ಈ ಸೇವೆಗೆ ಬಂದದ್ದು ಈ ಬೆಂಚಿನ ಮೂಲಕ.

ನೋಡುವವರಿಗೆ ಇದು ಸುಲಭದ ಕೆಲಸ. ಪ್ರಶ್ನೆಯನ್ನು ಅಂಕದ ಸಮೇತ ಓದಬೇಕು. ನಾಲ್ಕು ಆಯ್ಕೆಗಳಿದ್ದರೆ ನಾಲ್ಕನ್ನೂ ಒಂದೇ ದನಿಯಲ್ಲಿ ಓದಬೇಕು. ಸರಿಯುತ್ತರದ ಹತ್ತಿರ ಸ್ವರ ಏರಿದರೆ ಅದೂ ನಕಲೇ. ಬೀಜಗಣಿತದಲ್ಲಿ ಆವರಣ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂದು ಬಾಯಿಬಿಟ್ಟು ಹೇಳದಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಅವಳ ವಾಕ್ಯ ಅರ್ಧಕ್ಕೆ ನಿಂತರೆ ಅರ್ಧವನ್ನೇ ಬರೆಯಬೇಕು. ಒಳ್ಳೆಯ ಮನಸ್ಸಿನವರು ಎಡವುವುದು ಇಲ್ಲೇ. ‘ಪಾಪ’ ಅಂದುಕೊಂಡು ಒಂದು ಮಾತನ್ನು ತಿದ್ದಿದರೂ ಆ ಉತ್ತರಪತ್ರಿಕೆ ಅವಳದಾಗಿ ಉಳಿಯುವುದಿಲ್ಲ. ಮರುಕ ಅವಳ ಕೈಯಿಂದ ಅಧಿಕಾರವನ್ನು ಸದ್ದಿಲ್ಲದೆ ಕಿತ್ತುಕೊಂಡಿರುತ್ತದೆ.

ಆ ಅಧಿಕಾರ ಯಾರದು ಎಂಬುದನ್ನು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಸ್ಪಷ್ಟವಾಗಿಯೇ ಹೇಳಿತ್ತು. ಸ್ಕ್ರೈಬನ್ನು ತಾನೇ ಕರೆತರುವುದೋ, ಪರೀಕ್ಷೆ ನಡೆಸುವವರನ್ನು ಕೇಳುವುದೋ ಅಭ್ಯರ್ಥಿಯ ಇಷ್ಟ ಎಂದಿತ್ತು ಅದು. ಅವರೇ ಒದಗಿಸಿದರೆ, ಪರೀಕ್ಷೆಗೆ ಎರಡು ದಿನ ಮೊದಲು ಇಬ್ಬರ ಭೇಟಿಯಾಗಬೇಕು. ಬಂದವರು ತನಗೆ ಹೊಂದುತ್ತಾರೋ ಇಲ್ಲವೋ ಎಂದು ಅಭ್ಯರ್ಥಿ ಪರೀಕ್ಷಿಸಿ ನೋಡಬೇಕು. ಸ್ವಯಂಸೇವಕರನ್ನು ಒರೆಗೆ ಹಚ್ಚುವ ಹಕ್ಕು ಸೇವೆ ಪಡೆಯುವವರಿಗೆ ಇದೆ ಎಂದು ಸರ್ಕಾರದ ಕಾಗದವೇ ಹೇಳಿತ್ತು. ನಮ್ಮ ಎಷ್ಟು ಸಂಘಗಳ ನಿಯಮಾವಳಿಯಲ್ಲಿ ಈ ಮಾತಿದೆ?

ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೂ ಉಂಟು. 3 ಗಂಟೆಯ ಪರೀಕ್ಷೆ 4 ಗಂಟೆಯಾಗುತ್ತದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ಸ್ಕ್ರೈಬ್ ನಿರಾಕರಿಸಿದ್ದು ತಪ್ಪೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ, ಶೇ. 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ಕಷ್ಟಪಡುವವರಿಗೂ ಈ ಸೌಲಭ್ಯ ಬಂತು. ಬೇಡಿಕೆ ಇನ್ನೂ ಬೆಳೆಯುತ್ತದೆ.

ಹಾಗಾದರೆ ಮುಂದಾಳಿನ ಕೆಲಸವೇನು? ಬಹುಪಾಲು ಪಟ್ಟಿ ಬರೆಯುವುದು, ಫೋನು ಮಾಡುವುದು. ಇದರಲ್ಲಿ ಹಾರ ತುರಾಯಿ ಇಲ್ಲ. ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬಿನ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂಬುದು ಅದೇ 2018ರ ಮಾರ್ಗಸೂಚಿಯ ನಿಯಮವಾಗಿತ್ತು. ಹಾಗಾಗಿ ನಿವೃತ್ತ ಮೇಷ್ಟ್ರು ‘ನಾನು ಬರೆಯುತ್ತೇನಪ್ಪಾ’ ಎಂದು ಅಕ್ಕರೆಯಿಂದ ಬಂದರೆ ಕೈಮುಗಿದು, ಪಠ್ಯ ಓದಿ ಧ್ವನಿಮುದ್ರಿಸುವ ಕೆಲಸ ಕೊಡಬೇಕಾಗುತ್ತದೆ. ಬೇಕಾದವರು ಚಿಕ್ಕವರು, ಅವರಿಗೂ ಮಾರ್ಚ್ ತಿಂಗಳಲ್ಲೇ ಪರೀಕ್ಷೆ. ದೀಪಾವಳಿಯ ಹೊತ್ತಿಗೇ ಪಟ್ಟಿ ಶುರುವಾಗದಿದ್ದರೆ ಕೊನೆಯ ವಾರ ಯಾರೂ ಸಿಗುವುದಿಲ್ಲ. ಅವರ ಅಪ್ಪ ಅಮ್ಮನನ್ನು ಒಪ್ಪಿಸಬೇಕು. ಒತ್ತಕ್ಷರಗಳನ್ನು ತಡವರಿಸದೆ, ವೇಗವಾಗಿ ಬರೆಯಬಲ್ಲವರು ಯಾರೆಂದು ಮೊದಲೇ ನೋಡಿಕೊಳ್ಳಬೇಕು. ಜ್ವರ ಬಂದರೆ ಬದಲಿಗೆ ಇನ್ನೊಬ್ಬರಿರಬೇಕು, ಬಸ್ ಚಾರ್ಜಿಗೆ ದುಡ್ಡಿರಬೇಕು. ಒಬ್ಬ ಸ್ಕ್ರೈಬ್ ಕೈಕೊಟ್ಟರೆ ಓದಿದ ಒಂದು ವರ್ಷ ಮಣ್ಣುಪಾಲಾಗುತ್ತದೆ. ಸೇವೆಯಲ್ಲಿ ಮಾತಿಗೆ ತಪ್ಪದಿರುವುದನ್ನು ನಾನು ಪ್ರೀತಿಗಿಂತ ಮೇಲೆ ಇಡುತ್ತೇನೆ.

ಮುಂದಾಳುತನ ಅಂಗವಿಕಲರದ್ದೇ ಆಗಬಹುದು. ಬೆಂಗಳೂರಿನ ಎಪಿಡಿ, ಅಂದರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1959ರಲ್ಲಿ ಹುಟ್ಟಿದ್ದು ಎನ್.ಎಸ್. ಹೇಮಾ ಅವರಿಂದ. ಅವರು ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದವರು. ಅಂಗವಿಕಲರಿಗಾಗಿ ಯಾರೋ ಸಂಸ್ಥೆ ಕಟ್ಟಲಿ ಎಂದು ಕಾಯದೆ ತಾವೇ ಮುಂದೆ ನಿಂತರು.

ಅಮೆರಿಕದ ಒಂದು ಪ್ರಸಂಗವನ್ನೂ ಹೇಳಬೇಕು. ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವಿಕಲರಿಗೆ ಭೇದ ಮಾಡಬಾರದೆಂಬ ಕಾಯಿದೆ ಅಲ್ಲಿ 1973ರಲ್ಲೇ ಬಂದಿತ್ತು. ಅದನ್ನು ಜಾರಿಗೆ ತರುವ ನಿಯಮಗಳಿಗೆ ಸಹಿ ಬಿದ್ದಿರಲಿಲ್ಲ. 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ನೂರಕ್ಕೂ ಹೆಚ್ಚು ಜನ ಧರಣಿ ಕೂತರು. ಮುಂದಾಳುಗಳು ಜೂಡಿ ಹ್ಯೂಮನ್, ಕಿಟ್ಟಿ ಕೋನ್, ಇಬ್ಬರೂ ಅಂಗವಿಕಲರೇ. ಒಳಗಿನ ಫೋನ್ ಸಂಪರ್ಕ ಕಡಿದಾಗ ಕಿವುಡ ಗೆಳೆಯರು ಕಿಟಕಿಯಲ್ಲಿ ನಿಂತು ಸನ್ನೆಭಾಷೆಯಲ್ಲಿ ಹೊರಗೆ ಸುದ್ದಿ ಮುಟ್ಟಿಸಿದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಿಸಿಯೂಟ ಹೊತ್ತು ತಂದರು. ಏಪ್ರಿಲ್ 28ಕ್ಕೆ ಸಹಿ ಬಿತ್ತು. ಅನ್ನ ತಂದವರ ಹೆಗಲಿಲ್ಲದೆ ಆ ಧರಣಿ ಅಷ್ಟು ದಿನ ನಿಲ್ಲುತ್ತಿರಲಿಲ್ಲ. ಏಳಬೇಕೋ ಕೂರಬೇಕೋ ಎಂಬ ತೀರ್ಮಾನ ಮಾತ್ರ ಒಳಗೆ ಕೂತವರದಾಗಿತ್ತು.

ಹೀಗಾಗಿ ಈ ಸಭೆಯ ಮುಂದೆ ನನ್ನದೊಂದು ಕೋರಿಕೆ. ನಮ್ಮ ಸ್ಕ್ರೈಬ್ ಪಟ್ಟಿಯನ್ನು, ಸ್ಕ್ರೈಬ್ ನೆರವಿನಿಂದ ಪರೀಕ್ಷೆ ಬರೆದು ಪದವಿ ಪಡೆದವರ ಕೈಗೆ ಒಪ್ಪಿಸೋಣ. ಸ್ಕ್ರೀನ್ ರೀಡರ್ ಇರುವ ಫೋನಿನಲ್ಲಿ ಅಂಧರೂ ಅದನ್ನು ಸಲೀಸಾಗಿ ನಡೆಸಬಲ್ಲರು. ಹೊಸಬರಿಗೆ ತರಬೇತಿ ಅವರೇ ಕೊಡಲಿ. ಯಾರು ಬೇಕು, ಯಾರು ಬೇಡ ಎಂದು ಅವರೇ ಹೇಳಲಿ. ನಮ್ಮಂಥವರು ಅವರು ಹೇಳಿದಲ್ಲಿಗೆ ಹೋಗೋಣ. ಈ ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಅವರ ಗೌರವಧನಕ್ಕೂ ಮಕ್ಕಳ ಬಸ್ ಚಾರ್ಜಿಗೂ ಎತ್ತಿಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ದೀಪಾವಳಿಗೆ ಮೊದಲೇ ತೀರ್ಮಾನವಾದರೆ ಈ ವರ್ಷದ ಪರೀಕ್ಷೆಗೇ ಕೆಲಸ ಶುರುವಾಗುತ್ತದೆ.